ಇನ್ನೂ ಮೂರು ರೌಂಡ್ ಇದ್ದಿದ್ದರೆ

ನಮ್ಮ ಸಂಪಾದಕರು ಫೋನು ಮಾಡಿದಾಗಲೆಲ್ಲ ಕೇಳುವುದು ಸಕ್ಕರೆ ಕಾಯಿಲೆ ಅಥವಾ ಕೊಲೆಸ್ಟರಾಲ್ ಬಗ್ಗೆ ಒಂದು ಪುಟ. ಈ ಬಾರಿ ಬಾಕ್ಸಿಂಗ್ ಬಗ್ಗೆ ಬರೆಯುತ್ತೇವೆ ಎಂದಾಗ ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಮುಷ್ಟಿಯುದ್ಧದಲ್ಲಿ ವೈದ್ಯರಿಗೇನು ಕೆಲಸ ಎಂದು ಓದುಗ ಬಂಧುಗಳಿಗೂ ಅನ್ನಿಸಬಹುದು. ಕಾರಣ ನಮ್ಮ ಮನೆಯಲ್ಲಿಯೇ ಇದೆ. ನಮ್ಮ ಕಿರಿಯ ಮಗ, ಹತ್ತೊಂಬತ್ತು ವರ್ಷದವನು, ಮೃದಂಗ ಬಿಟ್ಟು ಗ್ಲೌಸ್ ಹಾಕಿಕೊಂಡು ಮೂರು ವರ್ಷವಾಯಿತು. ಅವನ ತಾಯಿ ಇನ್ನೂ ಅದನ್ನು "ಆ ಹೊಡೆದಾಟ" ಎಂದೇ ಕರೆಯುತ್ತಾರೆ.

ಆದರೆ ಅವನು ಹೊಡೆಯುವವನಲ್ಲ, ತಪ್ಪಿಸಿಕೊಳ್ಳುವವನು. ಸೊಂಟ ಬಾಗಿಸಿ, ಕಾಲು ಸರಿಸಿ, ಎದುರಾಳಿಯ ಏಟು ಗಾಳಿಗೆ ಹೋಗುವಂತೆ ಮಾಡುತ್ತಾನೆ. ಅಮೆಚೂರ್ ಪಂದ್ಯವೆಂದರೆ ಮೂರು ನಿಮಿಷದ ಮೂರು ರೌಂಡ್. ಎದುರಾಳಿ ಏದುಸಿರು ಬಿಡಲು ಶುರುಮಾಡುವ ಹೊತ್ತಿಗೆ ಗಂಟೆ ಬಾರಿಸಿಬಿಡುತ್ತದೆ. ಕಳೆದ ಚಳಿಗಾಲ ಬ್ರಾಂಪ್ಟನ್ನಿನಲ್ಲಿ ಹೀಗೆಯೇ ಸೋತು, ಮನೆಗೆ ಬರುವ ದಾರಿಯಲ್ಲಿ ಹೇಳಿದ: "ಅಪ್ಪ, ಇನ್ನೂ ಮೂರು ರೌಂಡ್ ಇದ್ದಿದ್ರೆ ಅವನು ಸುಸ್ತಾಗಿಬಿಡ್ತಿದ್ದ, ನಾನೇ ಗೆಲ್ತಿದ್ದೆ. ಪ್ರೊಫೆಷನಲ್ ಆದ್ರೆ ರೌಂಡ್ ಜಾಸ್ತಿ ಇರತ್ತೆ."

ಅವನ ಲೆಕ್ಕದಲ್ಲಿ ಹುರುಳಿಲ್ಲವೆಂದಲ್ಲ. ಒಂದೊಂದು ಆಟವನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 60 ಇರುವ ಹಾಕಿ ತಂಡ, ಮೂರು ಆಟದ ಸರಣಿಯನ್ನು ಗೆಲ್ಲುವ ಸಾಧ್ಯತೆ ಸುಮಾರು 65. ಏಳು ಆಟದ ಸರಣಿಯಾದರೆ 71. (ಮೇಪಲ್ ಲೀಫ್ಸ್ ಅಭಿಮಾನಿಗಳು ಇದನ್ನು ಓದಿ ನಿಟ್ಟುಸಿರು ಬಿಟ್ಟರೆ ನಮ್ಮ ತಪ್ಪಲ್ಲ.) ಆಟ ಉದ್ದವಾದಷ್ಟೂ ಅದೃಷ್ಟದ ಪಾಲು ಕಡಿಮೆ, ಕಸುಬಿನ ಪಾಲು ಹೆಚ್ಚು. ಆದರೆ ಬಾಕ್ಸಿಂಗಿನಲ್ಲಿ ಎರಡು ಲೆಕ್ಕಗಳು ಒಟ್ಟಿಗೇ ಓಡುತ್ತವೆ. ಪಾಯಿಂಟು ಒಂದು, ನಾಕೌಟು ಇನ್ನೊಂದು. ಪ್ರತಿ ರೌಂಡಿನಲ್ಲೂ ಒಂದು ಭಾರಿ ಏಟು ತಗಲುವ ಅಪಾಯ ನೂರಕ್ಕೆ ಎರಡೇ ಎಂದಿಟ್ಟುಕೊಳ್ಳಿ. ಮೂರು ರೌಂಡ್ ಮುಗಿಸಿ ನಿಂತಿರುವ ಸಾಧ್ಯತೆ 94, ಹನ್ನೆರಡಕ್ಕೆ 78, ಹದಿನೈದಕ್ಕೆ 74. ಅದೂ ದಣಿವನ್ನು ಲೆಕ್ಕಕ್ಕೆ ಹಿಡಿಯದೆ. ತಪ್ಪಿಸಿಕೊಳ್ಳುವವನ ಬಂಡವಾಳವೆಲ್ಲ ಕಾಲಿನಲ್ಲಿ, ಮೊದಲು ಸೋಲುವುದೂ ಕಾಲೇ. ಹೊಡೆಯುವವನಿಗೆ ಒಂದು ಕ್ಷಣ ಸಿಕ್ಕರೆ ಸಾಕು.

1941ರ ಜೂನ್ 18ರಂದು ನ್ಯೂಯಾರ್ಕಿನಲ್ಲಿ ಬಿಲ್ಲಿ ಕಾನ್ ಎಂಬ ಚುರುಕು ಕಾಲಿನ ಹುಡುಗ ಜೋ ಲೂಯಿಯ ಎದುರು ಹನ್ನೆರಡು ರೌಂಡ್ ಮುಗಿದಾಗ ಪಾಯಿಂಟಿನಲ್ಲಿ ಮುಂದಿದ್ದ. ಇಂದಿನ ನಿಯಮದಂತೆ ಅಲ್ಲಿಗೇ ವಿಶ್ವ ಚಾಂಪಿಯನ್. ಅಂದಿನ ನಿಯಮ ಹದಿನೈದು. ಹದಿಮೂರನೆಯ ರೌಂಡಿನಲ್ಲಿ ಲೂಯಿಯನ್ನು ಕೆಡವಿಯೇ ಬಿಡುತ್ತೇನೆಂದು ನುಗ್ಗಿದ, ತಾನೇ ಬಿದ್ದ. ಅದೇ ಮನುಷ್ಯ, ಅದೇ ರಾತ್ರಿ, ಅದೇ ಕಸುಬು. ಗೆದ್ದವನೋ ಸೋತವನೋ ಎಂಬುದನ್ನು ಎಂದೋ ಯಾರೋ ಬರೆದಿಟ್ಟ ಒಂದು ಸಂಖ್ಯೆ ತೀರ್ಮಾನಿಸಿತು.

ನಮ್ಮ ಟೊರಾಂಟೊದಲ್ಲಿಯೇ 1966ರ ಮಾರ್ಚ್ 29ರಂದು ಮೇಪಲ್ ಲೀಫ್ ಗಾರ್ಡನ್ಸಿನಲ್ಲಿ ಇದರ ಇನ್ನೊಂದು ಮುಖ ಕಂಡಿತು. ವಿಯೆಟ್ನಾಂ ಯುದ್ಧದ ಬಗ್ಗೆ ಆಡಿದ ಮಾತಿಗಾಗಿ ಅಮೆರಿಕದ ಊರುಗಳು ಮುಹಮ್ಮದ್ ಅಲಿಗೆ ಬಾಗಿಲು ಹಾಕಿದ್ದವು, ಈ ಊರು ಬರಮಾಡಿಕೊಂಡಿತು. ಎದುರಿಗೆ ಇಲ್ಲಿಯ ಜಂಕ್ಷನ್ ಬಡಾವಣೆಯ ಜಾರ್ಜ್ ಚುವಾಲೊ. ಹದಿನೈದು ರೌಂಡ್ ಪೂರ್ತಿ ನಡೆದು ಅಲಿ ಪಾಯಿಂಟಿನಲ್ಲಿ ಗೆದ್ದರು. ಆ ರಾತ್ರಿ ಅಲಿ ಆಸ್ಪತ್ರೆಗೆ ಹೋದರು, ತಾನು ಹೆಂಡತಿಯೊಡನೆ ಡ್ಯಾನ್ಸಿಗೆ ಹೋದೆ ಎಂದು ಚುವಾಲೊ ಮುಂದೆ ಹೇಳಿಕೊಂಡು ನಗುತ್ತಿದ್ದರು. 93 ಪಂದ್ಯಗಳಲ್ಲಿ ಒಮ್ಮೆಯೂ ನೆಲಕ್ಕೆ ಬೀಳದ ಮನುಷ್ಯ. ಇಳಿವಯಸ್ಸಿನಲ್ಲಿ ಅವರನ್ನು ಮರೆವಿನ ಕಾಯಿಲೆ ಹಿಡಿಯಿತು. ಅಲಿಯವರಿಗೆ 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಎಂದು ತಿಳಿಸಲಾಯಿತು. ಬೀಳದೆ ಇರುವುದು ಬೇರೆ, ಪೆಟ್ಟಾಗದೆ ಇರುವುದು ಬೇರೆ. ಮೆದುಳು ಪಾಯಿಂಟು ಎಣಿಸುವುದಿಲ್ಲ.

ಹದಿನೈದು ಹನ್ನೆರಡಾದದ್ದು ಒಬ್ಬ ಹುಡುಗನ ಸಾವಿನಿಂದ. 1982ರ ನವೆಂಬರ್ 13ರಂದು ಲಾಸ್ ವೇಗಸ್ಸಿನಲ್ಲಿ ಕೊರಿಯಾದ ಕಿಮ್ ಡುಕ್-ಕೂ ಹದಿನಾಲ್ಕನೆಯ ರೌಂಡಿನಲ್ಲಿ ಬಿದ್ದರು. ಮೆದುಳಿನ ಹೊರಪೊರೆಯ ಕೆಳಗೆ ರಕ್ತಸ್ರಾವ, ಶಸ್ತ್ರಕ್ರಿಯೆ, ಕೆಲವೇ ದಿನಗಳಲ್ಲಿ ಮರಣ. ಮುಂದೆ ಒಂದೊಂದೇ ಸಂಸ್ಥೆ ಹನ್ನೆರಡಕ್ಕೆ ಇಳಿಯಿತು. ತಪ್ಪಿಸಿಕೊಳ್ಳುವ ಕಸುಬಿನವರಿಗೆ ಇದರಿಂದ ಅನ್ಯಾಯವಾಯಿತೆಂದು ವಾದಿಸುವವರು ಈಗಲೂ ಇದ್ದಾರೆ.

ಮಗನ ಮಾತಿನಲ್ಲಿ ನಮ್ಮನ್ನು ಚುಚ್ಚಿದ್ದು "ಅವನು ಸುಸ್ತಾಗಿಬಿಡ್ತಿದ್ದ" ಎಂಬ ತುಂಡು. ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ 31,258 ಚೆಂಡುಗಳನ್ನು ಎದುರಿಸಿದರು, ಲೋಕದಲ್ಲಿ ಅಷ್ಟು ಎದುರಿಸಿದವರು ಬೇರೆ ಯಾರೂ ಇಲ್ಲ. ಅವರೂ ಎದುರಾಳಿಯ ದಣಿವಿಗೇ ಕಾದವರು. ಆದರೆ ದಣಿದ ಬೌಲರನಿಗೆ ಆಗುವ ನಷ್ಟ ನಾಲ್ಕು ರನ್ನು. ದಣಿದ ಬಾಕ್ಸರನ ಕೈ ಮುಖದಿಂದ ಕೆಳಗಿಳಿದಿರುತ್ತದೆ, ಕುತ್ತಿಗೆ ಸಡಿಲವಾಗಿರುತ್ತದೆ. ನಮ್ಮ ಹುಡುಗ ಗೆಲ್ಲಬೇಕಾದದ್ದು ಅಂಥವನ ತಲೆಗೆ ಹೊಡೆದು.

ಇದನ್ನು ಹೇಳಿದ್ದಕ್ಕೆ ಅವನ ಉತ್ತರ ಸಿದ್ಧವಾಗಿತ್ತು. "ಅವನೂ ಒಪ್ಪಿಕೊಂಡೇ ರಿಂಗಿಗೆ ಬರ್ತಾನಲ್ಲ ಅಪ್ಪ?" ಒಪ್ಪಿಗೆ ಎಂಬ ಮಾತಿನ ಜೊತೆ ನಾವು ದಿನವೂ ಕೆಲಸ ಮಾಡುತ್ತೇವೆ. ಆಪರೇಷನ್ನಿಗೆ ಮುಂಚೆ ರೋಗಿಗೆ ವಿವರಿಸಿ ಸಹಿ ಹಾಕಿಸಿಕೊಂಡರೆ, ಅವನು ಎಚ್ಚರವಿರುವವರೆಗೂ ಬೇಡವೆನ್ನಬಹುದು. ಬಾಕ್ಸರ್ ಒಪ್ಪುವುದು ಮೊದಲ ರೌಂಡಿನ ತಿಳಿಯಾದ ತಲೆಯಿಂದ. ಹದಿನಾಲ್ಕನೆಯ ರೌಂಡಿನಲ್ಲಿ ಬೇಡವೆನ್ನಲು ಬೇಕಾದ ಅಂಗಕ್ಕೇ ಪೆಟ್ಟು ಬಿದ್ದಿರುತ್ತದೆ. ಇಷ್ಟಾದರೂ ಅವನ ಪ್ರಶ್ನೆಯನ್ನು ಪೂರ್ತಿ ತಳ್ಳಿಹಾಕಲು ನಮಗೆ ಬಾಯಿ ಬರಲಿಲ್ಲ. ಮನೆಯವರ ಮಾತು ಮೀರಿ ಈ ದೇಶಕ್ಕೆ ಬಂದಾಗ ನಾವು ಆಡಿದ್ದೂ ಇಂಥದೇ ಮಾತು.

ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು, ಜಂಬೂ ಸವಾರಿಗೆ ಮುನ್ನ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದ ಬಗ್ಗೆ ಅವನಿಗೆ ಹೇಳಿದೆವು. ಬೋಳಿಸಿದ ತಲೆ, ಬಲಗೈಯಲ್ಲಿ ವಜ್ರನಖ. ಒಬ್ಬನ ತಲೆಯಲ್ಲಿ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ, ರೌಂಡುಗಳ ಲೆಕ್ಕವೇ ಇಲ್ಲ. ನೋಡಲು ಬಾಕ್ಸಿಂಗಿಗಿಂತ ಕ್ರೂರ, ಆದರೆ ದಣಿದವನನ್ನು ಬಡಿಯಲು ಅಲ್ಲಿ ಹೊತ್ತೇ ಇರುವುದಿಲ್ಲ. "ಹಾಗಿದ್ರೆ ಅಲ್ಲಿ ನಾನೇ ಚಾಂಪಿಯನ್" ಎಂದು ನಕ್ಕ.

ಪ್ರೊಫೆಷನಲ್ ಲೈಸೆನ್ಸಿನ ವೈದ್ಯಕೀಯ ಫಾರ್ಮು ಊಟದ ಮೇಜಿನ ಮೇಲಿದೆ. ಸ್ವಂತ ಮಗನಿಗೆ ನಾವು ಸಹಿ ಹಾಕುವಂತಿಲ್ಲ, ಅದೊಂದು ಅನುಕೂಲ. ಆದರೆ ಅವನು ಕಾಯುತ್ತಿರುವುದು ಸಹಿಗಲ್ಲ, "ಹೋಗಿ ಬಾ" ಎಂಬ ಮಾತಿಗೆ. ಶನಿವಾರ ಇಬ್ಬರೂ ಕಾರ್ಲ್ಟನ್ ರಸ್ತೆಗೆ ಹೋಗುವವರಿದ್ದೇವೆ. ಅಲಿ ಮತ್ತು ಚುವಾಲೊ ಸೆಣಸಿದ ಕಟ್ಟಡದ ನೆಲಮಹಡಿಯಲ್ಲಿ ಈಗ ದಿನಸಿ ಅಂಗಡಿ. ಹಳೆಯ ಹಾಕಿ ಅಂಗಳದ ನಡುವನ್ನು ತೋರಿಸಲು ನೆಲದ ಮೇಲೆ ಒಂದು ಕೆಂಪು ಚುಕ್ಕೆ ಬರೆದಿದ್ದಾರೆ. ಮನೆಯವರು ಬೇಳೆ, ಮೊಸರು ತರಲು ಚೀಟಿ ಕೊಟ್ಟಿದ್ದಾರೆ.