ರೆಪ್ಪೆಯ ಬೆಲೆ

ದೇವತೆಗಳು ಎವೆಯಿಕ್ಕುವುದಿಲ್ಲವಂತೆ. ಸ್ವಯಂವರದಲ್ಲಿ ನಳನ ವೇಷ ತೊಟ್ಟು ಕುಳಿತವರ ನಡುವೆ ನಿಜವಾದ ನಳನನ್ನು ದಮಯಂತಿ ಗುರುತಿಸಿದ್ದು ಮಿಟುಕುವ ರೆಪ್ಪೆಯಿಂದಲೂ ಹೌದು. ಮಲ್ಕಾಜ್‌ಗಿರಿಯಿಂದ ದಿನವೂ ಕಚೇರಿಗೆ ಹೋಗಿ ಕಡತ ತಿರುವುವ ನಾನು, ಒಂದು ತಪ್ಪು ಮಾಡುವ ತನಕ, ರೆಪ್ಪೆಯ ಬಗ್ಗೆ ಯೋಚಿಸಿದವನೇ ಅಲ್ಲ.

ಸಹೋದ್ಯೋಗಿಯೊಬ್ಬರು ನಾಲ್ಕು ವರ್ಷದ ಮಗಳ ರೆಪ್ಪೆಯ ಪ್ಲಾಸ್ಟಿಕ್ ಸರ್ಜರಿಗೆ ಮಂಜೂರಾತಿ ಕೇಳಿದ್ದರು. 'ಕೇವಲ ಸೌಂದರ್ಯಕ್ಕಾಗಿ' ಎಂದು ಟಿಪ್ಪಣಿ ಬರೆದು ಹಿಂದಿರುಗಿಸಿದೆ. ಆ ಮಗುವನ್ನು ನಾನು ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಕಂಡಿದ್ದೆ. ಗಲ್ಲ ಮೇಲೆತ್ತಿಯೇ ಎಲ್ಲರನ್ನೂ ನೋಡುತ್ತಿತ್ತು. "ಎಷ್ಟು ಜಂಭ ನೋಡು" ಎಂದು ನನ್ನಾಕೆಯೊಡನೆ ನಕ್ಕಿದ್ದೂ ಉಂಟು.

ವೈದ್ಯರ ಪತ್ರ ಬಂದ ಮೇಲೆ ತಿಳಿಯಿತು. ರೆಪ್ಪೆ ಎತ್ತುವ ಸ್ನಾಯು ಹುಟ್ಟಿನಿಂದಲೇ ದುರ್ಬಲ. ಜೋತ ರೆಪ್ಪೆಯ ಕೆಳಗಿನಿಂದ ನೋಡಲೆಂದೇ ಮಗು ಗಲ್ಲ ಎತ್ತುತ್ತಿತ್ತು. ಎಳೆವಯಸ್ಸಿನಲ್ಲಿ ಪಾಪೆ ಮುಚ್ಚಿಕೊಂಡಿದ್ದರೆ ಮಿದುಳು ಆ ಕಣ್ಣಿನಿಂದ ನೋಡಲು ಸರಿಯಾಗಿ ಕಲಿಯುವುದಿಲ್ಲ. ಆ ಸ್ನಾಯುವನ್ನು ಮೊಟಕು ಮಾಡುತ್ತಾರೆ. ಅದು ತೀರಾ ಸೋತಿದ್ದರೆ ತೊಡೆಯಿಂದ ತೆಗೆದ ಪಟ್ಟಿಯಿಂದಲೋ ಸಿಲಿಕೋನ್ ಎಳೆಯಿಂದಲೋ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುತ್ತಾರೆ. ಮಂಜೂರಾತಿ ಕೊಟ್ಟೆವು. ನನ್ನ ಎರಡು ಪದಗಳಿಂದ ಎರಡು ತಿಂಗಳು ತಡವಾಯಿತು. ಆ ತಂದೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ಇಷ್ಟೇ ಆಗಿದ್ದರೆ ಅದು ಅಜ್ಞಾನದ ಕತೆ. ಆದರೆ ರೆಪ್ಪೆ ಎರಡು ಮಿಲಿಮೀಟರ್ ಮೇಲಿದ್ದು ದೃಷ್ಟಿಗೆ ಅಡ್ಡಿಯಿಲ್ಲದಿದ್ದರೆ ನನ್ನ ಟಿಪ್ಪಣಿ ಸರಿಯಾಗುತ್ತಿತ್ತೆ? ಶಾಲೆಯಲ್ಲಿ ಮಕ್ಕಳು "ನಿದ್ದೆಗಣ್ಣಿ" ಎಂದು ಕರೆಯುವುದಕ್ಕೆ ಯಾವ ಲೆಕ್ಕಶೀರ್ಷಿಕೆ?

ಕುಷ್ಠರೋಗದಲ್ಲಿ ಮುಖದ ನರ ಕೆಟ್ಟರೆ ರೆಪ್ಪೆ ಮುಚ್ಚುವುದಿಲ್ಲ. ದೇವತೆಗಳಿಗೆ ಭೂಷಣವಾದದ್ದು ಇವರಿಗೆ ಕುರುಡಿನ ದಾರಿ; ಕಣ್ಣು ಒಣಗಿ ಹುಣ್ಣಾಗುತ್ತದೆ. ಅಗಿಯುವ ಸ್ನಾಯುವಿನ ಪಟ್ಟಿಯೊಂದನ್ನು ರೆಪ್ಪೆಗೆ ಜೋಡಿಸುವ ಶಸ್ತ್ರಚಿಕಿತ್ಸೆಯೊಂದಿದೆ. ಆಮೇಲೆ ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ! ನಮ್ಮ ಕೂಕಟಪಲ್ಲಿಯಲ್ಲಿ 1958ರಲ್ಲಿ ಶಿವಾನಂದ ಪುನರ್ವಸತಿ ಗೃಹ ಆರಂಭವಾದದ್ದು ಇಂಥ ರೋಗಿಗಳಿಗಾಗಿಯೇ. ಚಿಕಿತ್ಸೆಯಾದವನ ಕಣ್ಣು ಉಳಿಯುತ್ತದೆ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುವುದೂ ತಪ್ಪಬಹುದು. ಎರಡನೆಯದು ಅಲಂಕಾರವೆ?

ಹಾಗೆಂದು ನಿಯಮ ಬೇಡವೆನ್ನಲಾರೆ. ಸಾರ್ವಜನಿಕರ ಹಣಕ್ಕೆ ಎಲ್ಲೋ ಒಂದು ಗೆರೆ ಬೇಕು. ವಿಮೆಯವರೂ ಅಪಘಾತ, ಸುಟ್ಟಗಾಯ, ಕ್ಯಾನ್ಸರ್, ವೈದ್ಯಕೀಯ ಅಗತ್ಯ ಇವನ್ನು ಬಿಟ್ಟು ರೂಪ ತಿದ್ದುವುದಕ್ಕೆ ಹಣ ಕೊಡುವುದಿಲ್ಲ. ಗೆರೆಯಾಚೆ ನಿಂತವರ ನೋವು ಸುಳ್ಳೆಂದು ಬರೆಯುವ ಅಧಿಕಾರ ಮಾತ್ರ ಗುಮಾಸ್ತನಿಗೆ ಯಾರು ಕೊಟ್ಟರು?

ಮೊನ್ನೆ ಅಂಥದೇ ಇನ್ನೊಂದು ಕಡತ ಬಂತು. ದೃಷ್ಟಿಗೆ ಅಡ್ಡಿಯಿಲ್ಲವೆಂದು ವೈದ್ಯರೇ ಬರೆದಿದ್ದರು. ನಿಯಮದಂತೆ ಇಲ್ಲವೆಂದೇ ಬರೆದೆ. 'ಕೇವಲ' ಎಂದು ಬರೆಯಲು ಹೋದ ಪೆನ್ನನ್ನು ತಡೆದು, ಅರ್ಜಿದಾರರನ್ನು ಮೇಜಿನ ಬಳಿಗೆ ಕರೆದು ಕುರ್ಚಿ ಕೊಟ್ಟೆ.