ಪಾಪ ಎಂಬ ಎರಡಕ್ಷರ

ಕನ್ನಡದಲ್ಲಿ ‘ಪಾಪ’ ಎಂಬ ಪದದಷ್ಟು ಅನುಕೂಲದ ಪದ ಇನ್ನೊಂದು ಇದೆಯೋ ಇಲ್ಲವೋ. ಚರ್ಚಿನಲ್ಲಿ ಪಾಪನಿವೇದನೆಗೆಂದು ಮೊಣಕಾಲೂರಿದಾಗ ಅದು ಮಾಡಬಾರದ್ದನ್ನು ಮಾಡಿದ್ದು. ಜಗಲಿಯಲ್ಲಿ ಕುಳಿತು ಹೂ ಕಟ್ಟುವಾಗ ಅದೇ ಪದ ಮರುಕ: ‘ಪಾಪ, ಎಷ್ಟು ಕಷ್ಟಪಟ್ಟಳು!’ ನಮ್ಮ ಕಡೆ ತೊಟ್ಟಿಲಲ್ಲಿ ಮಲಗಿದ ಕೂಸೂ ‘ಪಾಪ’ವೇ. ತಪ್ಪು, ಕನಿಕರ, ಎಳೆಗೂಸು ಮೂರನ್ನೂ ಒಂದೇ ಸದ್ದಿನಲ್ಲಿ ಹೇಳಿಬಿಡುತ್ತೇವೆ. ಪಂಡಿತರು ಇವುಗಳಿಗೆ ಬೇರೆ ಬೇರೆ ಮೂಲ ಹೇಳಬಹುದು. ಆ ತಕರಾರು ನನಗೆ ಬೇಡ.

ಆದರೆ ನಮ್ಮ ಹೆಂಗಸರ ಮಾತಿನಲ್ಲಿ ಈ ಪದ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ‘ಪಾಪ, ಒಳ್ಳೆಯವಳೇ, ಆದರೂ...’ ಎಂದು ಶುರುವಾದರೆ ಮುಂದೆ ಬರುವುದು ಮರುಕವಲ್ಲ, ತೀರ್ಪು. ಆ ‘ಆದರೂ’ ಆದ ಮೇಲೆ ಗಂಡನ ಮನೆ ಬಿಟ್ಟು ಬಂದವಳು, ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದವಳು, ಗಂಡ ಸತ್ತು ವರ್ಷ ತುಂಬುವ ಮೊದಲೇ ಬಣ್ಣದ ಸೀರೆ ಉಟ್ಟವಳು ಒಬ್ಬೊಬ್ಬರಾಗಿ ಕಟಕಟೆಗೆ ಬಂದು ನಿಲ್ಲುತ್ತಾರೆ. ವಕೀಲರಿಲ್ಲ, ಸಾಕ್ಷಿಯಿಲ್ಲ, ಕಾಫಿ ಮುಗಿಯುವುದರೊಳಗೆ ತೀರ್ಪು ಸಿದ್ಧ. ಗಂಡಸರು ಇದನ್ನು ಮಾಡುವುದಿಲ್ಲವೆಂದಲ್ಲ. ಅವರು ಹೋಟೆಲಿನಲ್ಲಿ ಕುಳಿತು ಮಾಡಿದರೆ ಅದು ರಾಜಕೀಯವೆನಿಸಿಕೊಳ್ಳುತ್ತದೆ, ಅಷ್ಟೆ.

ಇನ್ನೊಬ್ಬರ ಮೇಲೆ ತೀರ್ಪು ಕೊಡಬಾರದೆಂಬ ಯೇಸುಸ್ವಾಮಿಯ ಬೋಧನೆ ಮತ್ತಾಯನ ಶುಭಸಂದೇಶದ 7ನೇ ಅಧ್ಯಾಯದಲ್ಲಿದೆ. ಎದುರಿನವನ ಕಣ್ಣಿನೊಳಗಿನ ಧೂಳಿನ ಕಣ ಕಾಣುತ್ತದೆ, ತನ್ನ ಕಣ್ಣಿಗೆ ಅಡ್ಡವಾಗಿರುವ ಮರದ ದಿಮ್ಮಿ ಕಾಣುವುದಿಲ್ಲ ಎಂಬ ಹೋಲಿಕೆ ಇರುವುದೂ ಅಲ್ಲಿಯೇ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿದ ಹಾಗೆ ಎಂಬ ನಮ್ಮ ಗಾದೆ ಇದಕ್ಕೆ ಸೋದರಿ. ಮಾರ್ಕನ ಶುಭಸಂದೇಶದಲ್ಲಿ ಊರಿನವರು ಯೇಸುವನ್ನು ಬಡಗಿ ಎಂದು ಕರೆಯುತ್ತಾರೆ. ಗರಗಸದ ಪುಡಿ ಕಣ್ಣಿಗೆ ಬೀಳುವುದು ಏನೆಂದು ಬಡಗಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಹೋಲಿಕೆಯನ್ನು ಹೇಳುವಾಗ ಆತ ನಕ್ಕಿರಬೇಕು ಎಂದೇ ನನ್ನ ನಂಬಿಕೆ.

ಇದನ್ನು ಓದಿದವರು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಪರರ ಕಣ್ಣಿನ ಕಸದ ಗೊಡವೆ ನಿನಗೆ ಬೇಡ ಎಂದು ಅಲ್ಲಿ ಹೇಳಿಲ್ಲ. ಮೊದಲು ನಿನ್ನದನ್ನು ತೆಗೆದುಕೋ, ಆಮೇಲೆ ಅವನದನ್ನು ತೆಗೆಯಲು ನಿನಗೆ ಕಣ್ಣು ಸರಿಯಾಗಿ ಕಾಣುತ್ತದೆ ಎಂಬುದು ಆ ಮಾತಿನ ಹುರುಳು. ಕಸ ತೆಗೆಯುವ ಕೆಲಸ ಇದ್ದೇ ಇದೆ.

ಆ ಕೆಲಸ ಹೇಗೆಂದು ಮಕ್ಕಳನ್ನು ಸಾಕಿದವರಿಗೆ ಗೊತ್ತು. ನಾವು ಚಿಕ್ಕವರಿದ್ದಾಗ ಕಣ್ಣಿಗೆ ಕಸ ಬಿದ್ದರೆ ಅಮ್ಮ ಮೊದಲು ತನ್ನ ಕೈ ತೊಳೆದುಕೊಳ್ಳುತ್ತಿದ್ದಳು. ಹಿತ್ತಲ ಬಾಗಿಲಿನ ಬೆಳಕಿಗೆ ಕರೆದುಕೊಂಡು ಹೋಗಿ, ಗಲ್ಲ ಹಿಡಿದು ಮುಖವೆತ್ತಿ, ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ, ಒದ್ದೆ ಸೆರಗಿನ ತುದಿ ತಾಗಿಸುತ್ತಿದ್ದಳು. ಅವಳ ಉಸಿರು ನಮ್ಮ ಕೆನ್ನೆಗೆ ತಗಲುತ್ತಿತ್ತು. ಜೋರು ಮಾಡಿದರೆ ನಾವು ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದೆವು, ಆಮೇಲೆ ಯಾರಿಂದಲೂ ಏನೂ ಮಾಡಲಾಗುತ್ತಿರಲಿಲ್ಲ. (ಈಗಿನ ಡಾಕ್ಟರು ಸೆರಗು ಗಿರಗು ಬೇಡ, ಶುದ್ಧ ನೀರಿನಲ್ಲಿ ತೊಳೆಯಿರಿ ಎನ್ನುತ್ತಾರೆ. ಅದೂ ಸರಿಯೇ.) ಬೀದಿಯ ಆಚೆ ಬದಿಯಲ್ಲಿ ನಿಂತುಕೊಂಡು ಯಾರ ಕಣ್ಣಿನ ಕಸವನ್ನಾದರೂ ತೆಗೆದವರನ್ನು ನಾನು ಕಂಡಿಲ್ಲ. ತೀರ್ಪು ಕೊಡುವುದಕ್ಕೆ ಮಾತ್ರ ದೂರವೇ ಹಿತ.

4ನೇ ಶತಮಾನದಲ್ಲಿ ಈಜಿಪ್ಟಿನ ಸ್ಕೇತಿಸ್ ಮರಳುಗಾಡಿನಲ್ಲಿ ಮೋಶೆ ಎಂಬ ಸನ್ಯಾಸಿ ಇದ್ದ. ಮೊದಲು ದರೋಡೆಕೋರನಾಗಿದ್ದವನು. ಒಮ್ಮೆ ಅಲ್ಲಿಯ ಸೋದರನೊಬ್ಬ ತಪ್ಪು ಮಾಡಿದನೆಂದು ಉಳಿದ ಸನ್ಯಾಸಿಗಳು ವಿಚಾರಣೆಗೆ ಕುಳಿತರು. ಮೋಶೆ ಹೋಗಲಿಲ್ಲ. ಕರೆಕಳುಹಿಸಿದರು. ತೂತು ಬಿದ್ದ ಬುಟ್ಟಿಯಲ್ಲಿ ಮರಳು ತುಂಬಿ ಬೆನ್ನಿಗೆ ಹೊತ್ತು ಬಂದ. ಬುಟ್ಟಿಯಲ್ಲ, ಸೋರುವ ನೀರಿನ ಕೊಡ ಎಂದೂ ಕೆಲವು ಕಡೆ ಹೇಳುತ್ತಾರೆ. ಇದೇನೆಂದು ಕೇಳಿದರೆ, ನನ್ನ ತಪ್ಪುಗಳು ಹಿಂದೆ ಸೋರಿಹೋಗುತ್ತಿವೆ, ನನಗೆ ಕಾಣುವುದಿಲ್ಲ, ಇವತ್ತು ಮತ್ತೊಬ್ಬನ ತಪ್ಪನ್ನು ಅಳೆಯಲು ಬಂದಿದ್ದೇನೆ ಎಂಬರ್ಥದ ಮಾತಾಡಿದನಂತೆ. ಅವರು ಆ ಸೋದರನನ್ನು ಏನೂ ಅನ್ನದೆ ಕ್ಷಮಿಸಿದರು. ನನಗೆ ಮೆಚ್ಚುಗೆಯಾಗುವುದು ಅವನು ಬಂದದ್ದು. ‘ನನಗೇಕೆ ಊರ ಉಸಾಬರಿ’ ಎಂದು ಗುಡಿಸಲಲ್ಲೇ ಉಳಿದಿದ್ದರೆ ಆ ಸೋದರನ ಗತಿ ಏನಾಗುತ್ತಿತ್ತೋ.

ಯೊವಾನ್ನನ ಶುಭಸಂದೇಶದ 8ನೇ ಅಧ್ಯಾಯದಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದವಳೆಂದು ಒಬ್ಬ ಹೆಂಗಸನ್ನು ಎಳೆದು ತರುತ್ತಾರಲ್ಲ, ಆ ಕಥೆ ಎಲ್ಲರಿಗೂ ಗೊತ್ತು. ಮೋಶೆಯ ಧರ್ಮಶಾಸ್ತ್ರದ ಪ್ರಕಾರ (ಇವನು ಇಸ್ರಯೇಲರ ಹಳೆಯ ಮೋಶೆ) ಶಿಕ್ಷೆ ಇಬ್ಬರಿಗೂ ಆಗಬೇಕಿತ್ತು. ಆ ಗಂಡಸು ಎಲ್ಲಿ? ಅವನನ್ನು ಯಾರೂ ಹಿಡಿದು ತರಲಿಲ್ಲ. ಅವಳನ್ನು ನಡುವೆ ನಿಲ್ಲಿಸಿಕೊಂಡು ಅವರೆಲ್ಲ ಅವಳ ಬಗ್ಗೆ ಮಾತಾಡಿದರು. ಅವಳೊಂದಿಗೆ ಮಾತಾಡಿದವರು ಯೇಸು ಒಬ್ಬರೇ, ಅದೂ ಕಲ್ಲು ಹಿಡಿದವರೆಲ್ಲ ಹೊರಟುಹೋದ ಮೇಲೆ. ಹೊಸ ಒಡಂಬಡಿಕೆಯ ಅತಿ ಹಳೆಯ ಕೈಬರಹದ ಪ್ರತಿಗಳಲ್ಲಿ ಈ ಪ್ರಸಂಗ ಇಲ್ಲ. ಇದು ಆಮೇಲೆ ಸೇರಿಕೊಂಡದ್ದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸಂತ ಅಗಸ್ಟೀನರು 5ನೇ ಶತಮಾನದ ಆರಂಭದಲ್ಲಿ ಬೇರೆ ಕಾರಣ ಕೊಟ್ಟಿದ್ದರು: ತಮ್ಮ ಹೆಂಡಿರಿಗೆ ಸಲಿಗೆ ಕೊಟ್ಟಂತಾಗುತ್ತದೆಂದು ಹೆದರಿದ ಗಂಡಸರೇ ಇದನ್ನು ಪುಸ್ತಕದಿಂದ ತೆಗೆದುಹಾಕಿರಬೇಕು! ವಿದ್ವಾಂಸರ ಮಾತೇ ಸರಿಯಿರಬಹುದು. ಆದರೆ ಅಗಸ್ಟೀನರಿಗೆ ತಮ್ಮ ಕಾಲದ ಗಂಡಂದಿರ ಪರಿಚಯ ಚೆನ್ನಾಗಿತ್ತು.

ಇಷ್ಟು ಹೇಳಿದ ಮೇಲೆ ಒಂದು ತೊಡಕಿನ ವಿಷಯಕ್ಕೆ ಬರಲೇಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಕೊನೆಯ ಮನೆಯ ಹೊರಕೋಣೆಗೆ ಒಬ್ಬ ಹೆಣ್ಣುಮಗಳು ಮಗುವಿನೊಂದಿಗೆ ಬಾಡಿಗೆಗೆ ಬಂದಳು. ಹೊಲಿಗೆ ಮಿಷನ್ನು, ಒಂದು ಟ್ರಂಕು, ಎಡಗೈ ಮೇಲೆ ಸುಟ್ಟ ಗಾಯದ ಗುರುತು. ಗಂಡ ಹೊಡೆಯುತ್ತಿದ್ದನೆಂದು ಎಲ್ಲರಿಗೂ ಗೊತ್ತಾಗಲು ವಾರ ಸಾಕಾಯಿತು. ಪ್ರಾರ್ಥನಾ ಕೂಟದ ಹಿರಿಯರೊಬ್ಬರು, ನಿವೃತ್ತ ಟೀಚರು, ಅವಳಿಗೆ ಬುದ್ಧಿ ಹೇಳಿದರು: ‘ಅವನ ತೀರ್ಪು ದೇವರಿಗೆ ಬಿಡಮ್ಮ. ಕ್ಷಮಿಸು, ತಗ್ಗಿ ನಡೆ, ವಾಪಸು ಹೋಗು.’ ಅವಳು ಹೋಗಲಿಲ್ಲ. ಆಗ ‘ಪಾಪ, ಒಳ್ಳೆಯವಳೇ, ಆದರೂ ಸ್ವಲ್ಪ ಸೊಕ್ಕು’ ಎಂಬ ಮಾತು ಬೀದಿಯಲ್ಲೆಲ್ಲ ಓಡಾಡಿತು.

ಇದನ್ನು ನಾನು ಒಪ್ಪಲಾರೆ. ತೀರ್ಪು ಕೊಡಬೇಡ ಎಂಬುದನ್ನು ಪೆಟ್ಟು ತಿಂದವಳಿಗೆ ಹೇಳಿ, ಅದೇ ಬಾಯಲ್ಲಿ ಅವಳ ಮೇಲೆ ತೀರ್ಪು ಕೊಡುವುದು ಯಾವ ಊರಿನ ನ್ಯಾಯ? ವಿಧವೆಯರ ಮನೆಗಳನ್ನು ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವ ಧರ್ಮಬೋಧಕರನ್ನು ಯೇಸು ಎಲ್ಲರೆದುರೇ ಖಂಡಿಸಿದ್ದರು. ಹೊಡೆಯುವುದನ್ನು ಹೊಡೆತವೆಂದೇ ಕರೆಯುವುದು ನಿಜ ಹೇಳುವುದು, ಅಷ್ಟೆ. ಹೊಡೆದವನು ಇನ್ನೆಂದೂ ಮನುಷ್ಯನಾಗಲಾರ ಎಂದು ಮುದ್ರೆ ಒತ್ತಿಬಿಡುವುದು ಬೇರೆ. ಆ ಮುದ್ರೆ ನಮ್ಮ ಕೈಗೆ ಸಿಕ್ಕಿಲ್ಲ. ದೀನತೆಯೂ ಹಾಗೆಯೇ. ಇನ್ನೊಬ್ಬರು ಕುತ್ತಿಗೆ ಅದುಮಿದಾಗ ತಗ್ಗುವ ತಲೆಗೆ ಆ ಹೆಸರು ಕೊಡಬಾರದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸಲೆಂದು 2005ರಲ್ಲಿ ಕಾನೂನೇ ಬಂದಿದೆ, ಸಂರಕ್ಷಣಾಧಿಕಾರಿಗಳಿದ್ದಾರೆ. ಆ ಕಚೇರಿಗೆ ಅವಳ ಜೊತೆ ಹೋದವಳು ನನ್ನಮ್ಮ. ಅದಕ್ಕೂ ಮೊದಲು ಎರಡು ರವಿಕೆ ಬಟ್ಟೆ ಹಿಡಿದು ಅವಳ ಕೋಣೆಗೆ ಹೋಗಿ, ಅಳತೆ ಕೊಟ್ಟು, ಗಾಯದ ಸುದ್ದಿಯನ್ನೇ ಎತ್ತದೆ ಮಗುವನ್ನು ಆಡಿಸಿ ಬಂದಿದ್ದಳು. ಮೂರನೆಯ ಸಲ ಹೋದಾಗ ಅವಳೇ ಎಲ್ಲ ಹೇಳಿಕೊಂಡಳಂತೆ. ಏನು ಹೇಳಿದಳೆಂದು ಅಮ್ಮ ಇಂದಿಗೂ ನನಗೆ ತಿಳಿಸಿಲ್ಲ.

ಪವಿತ್ರ ಗುರುವಾರ ಗುರುಗಳು ಹನ್ನೆರಡು ಜನರ ಪಾದ ತೊಳೆಯುವ ಪದ್ಧತಿಯಲ್ಲಿ ಹಿಂದೆ ಗಂಡಸರಿಗಷ್ಟೇ ಅವಕಾಶವಿತ್ತು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಅಲ್ಲಿನ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಇಬ್ಬರು ಹೆಣ್ಣುಮಕ್ಕಳೂ ಇದ್ದರು. 2016ರಲ್ಲಿ ನಿಯಮವೇ ಬದಲಾಯಿತು. ಅದಾದ ಮೇಲೆ ಒಂದು ವರ್ಷ ನಮ್ಮ ಚರ್ಚಿನ ಹನ್ನೆರಡು ಕುರ್ಚಿಗಳಲ್ಲಿ ಒಂದರಲ್ಲಿ ಈ ಹೊಲಿಗೆಯವಳು ಕುಳಿತಿದ್ದಳು. ಪಕ್ಕದ ಕುರ್ಚಿಯಲ್ಲಿ ಅದೇ ಟೀಚರು. ಗುರುಗಳು ತಮ್ಮ ಮುಂದೆ ಬಗ್ಗಿದಾಗ ಟೀಚರು ಒಡೆದ ಹಿಮ್ಮಡಿಯನ್ನು ಸೀರೆಯ ಅಂಚಿನಲ್ಲಿ ಮುಚ್ಚಿಕೊಳ್ಳಲು ನೋಡಿದರು, ಆಗಲಿಲ್ಲ. ಒರೆಸುವ ಟವೆಲು ಮುಂದಿನವರಿಗೆ ಹೋದ ಮೇಲೆ ಅವಳ ಕಡೆ ವಾಲಿ, ‘ಹಬ್ಬಕ್ಕೆ ಒಂದು ರವಿಕೆ ಆಗುತ್ತದೇನಮ್ಮ?’ ಎಂದು ಪಿಸುಗುಟ್ಟಿದರು.

‘ಈಗ ಹೇಳಿದರೆ ಹೇಗೆ ಟೀಚರೇ? ಮೊದಲೇ ಬಂದ ಬಟ್ಟೆ ಇನ್ನೂ ರಾಶಿ ಬಿದ್ದಿದೆ’ ಎಂದಳು ಅವಳು.