ಇಂದಿನ ಚಿಂತನೆ: ಮಾದರಿ ಯುದ್ಧವಿಮಾನ ಮತ್ತು ಮೊದಲ ಶೀಲ



ಕೊಲ್ಲುವುದಕ್ಕೆಂದೇ ಹುಟ್ಟಿದ ಯಂತ್ರವೊಂದರ ಮಾದರಿಯನ್ನು ಪ್ರೀತಿಯಿಂದ ಕಟ್ಟುವುದು ಪಂಚಶೀಲ ಸ್ವೀಕರಿಸಿದವರಿಗೆ ಒಪ್ಪುತ್ತದೆಯೇ? ರಿಮೋಟ್‌ನಿಂದ ಹಾರಿಸುವ ಹಳೆಯ ಯುದ್ಧವಿಮಾನಗಳ ಮಾದರಿ ಮಾಡುವ ಹವ್ಯಾಸ ನನಗಿದೆ. ಹಾಗಾಗಿ ನಮ್ಮ ಬಳಗದ ಹಿರಿಯರೊಬ್ಬರು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ಅವರು ನಗುತ್ತಲೇ ಕೇಳಿದರು, ಆದರೆ ನಕ್ಕು ಬಿಡುವ ಪ್ರಶ್ನೆ ಇದಲ್ಲ.

"ಅದು ಬರೀ ಆಟಿಕೆ" ಅಂದುಬಿಡುವುದು ಸುಲಭ. ಬಾಲ್ಸಾ ಎಂಬ ಹಗುರ ಮರದ ತೆಳುವಾದ ಹಾಳೆಗಳು, ಅಂಟು, ಒಂದು ಬ್ಯಾಟರಿ, ಒಂದು ಮೋಟಾರು, ನಾಲ್ಕಾರು ಪುಟ್ಟ ಸರ್ವೋಗಳು. ಇದರಲ್ಲಿ ಗುಂಡಿಲ್ಲ, ಬಾಂಬಿಲ್ಲ. ಉಪಾಸಕರು ಮಾಡಬಾರದೆಂದು ಬುದ್ಧರು ಹೇಳಿದ ಐದು ವ್ಯಾಪಾರಗಳಲ್ಲಿ ಆಯುಧದ ವ್ಯಾಪಾರ ಮೊದಲನೆಯದು. ಮಾದರಿ ಕಟ್ಟುವವರು ಆ ವ್ಯಾಪಾರ ಮಾಡುತ್ತಿಲ್ಲ. ಆದರೂ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಕಮ್ಮದ ಬೇರು ಚೇತನದಲ್ಲಿ, ಅಂದರೆ ಉದ್ದೇಶದಲ್ಲಿದೆ ಎಂದು ಕಲಿತವರು ನಾವು. ಕೈ ಮಾಡುವ ಕೆಲಸದ ಜೊತೆಗೆ, ಮನಸ್ಸು ಯಾವುದರಲ್ಲಿ ಸುಖಪಡುತ್ತಿದೆ ಎಂಬುದನ್ನೂ ನೋಡಬೇಕು.

ಜಪಾನಿನ ಝೀರೋ ವಿಮಾನವನ್ನೇ ತೆಗೆದುಕೊಳ್ಳೋಣ. ಜಿರೋ ಹೋರಿಕೋಶಿ ಎಂಬ ಎಂಜಿನಿಯರ್ ಅದನ್ನು ವಿನ್ಯಾಸ ಮಾಡಿದರು. 1939ರ ಏಪ್ರಿಲ್‌ನಲ್ಲಿ ಅದು ಮೊದಲ ಬಾರಿಗೆ ಹಾರಿತು. ಅದರ ದೊಡ್ಡ ಗುಣ ಹಗುರತನ. ಮಾದರಿ ಕಟ್ಟುವವರಿಗೆ ಈ ಆಸೆ ಚೆನ್ನಾಗಿ ಗೊತ್ತು. ರೆಕ್ಕೆಯೊಳಗಿನ ಮರದ ಪಕ್ಕೆಲುಬುಗಳಿಗೆ ತೂತು ಕೊರೆದು, ಉಪ್ಪುಕಾಗದದಲ್ಲಿ ಉಜ್ಜಿ, ಒಂದೊಂದು ಗ್ರಾಂ ಇಳಿಸುತ್ತೇವೆ. ಹೋರಿಕೋಶಿಯವರೂ ಲೋಹದಲ್ಲಿ ಇದನ್ನೇ ಮಾಡಿದರು. ಆದರೆ ಮೊದಮೊದಲ ಝೀರೋಗಳಲ್ಲಿ ಪೈಲಟ್‌ನ ಬೆನ್ನಿಗೆ ಕವಚವಿರಲಿಲ್ಲ. ಗುಂಡು ಬಿದ್ದರೆ ತೂತು ತಾನೇ ಮುಚ್ಚಿಕೊಳ್ಳುವಂಥ ಇಂಧನದ ಟ್ಯಾಂಕೂ ಇರಲಿಲ್ಲ. ಆ ಹಗುರತನದ ಬೆಲೆ ತೆತ್ತವರು ಒಳಗೆ ಕೂತ ಯುವಕರು. 1944ರ ಅಕ್ಟೋಬರ್‌ನಿಂದ ಅದೇ ಸುಂದರ ವಿಮಾನಗಳಿಗೆ 250 ಕಿಲೋ ಬಾಂಬು ಕಟ್ಟಿ, ಪೈಲಟ್ ಸಮೇತ ಹಡಗುಗಳಿಗೆ ಅಪ್ಪಳಿಸಲು ಕಳಿಸಿದರು.

ಬೌದ್ಧರಾದ ನಾವು ಇಲ್ಲಿ ಇನ್ನೊಂದು ಸಂಗತಿ ಮರೆಯಬಾರದು. ಆ ವರ್ಷಗಳಲ್ಲಿ ಜಪಾನಿನ ಅನೇಕ ಬೌದ್ಧ ಪಂಥಗಳು ಯುದ್ಧವನ್ನು ಬೆಂಬಲಿಸಿದವು. ಸೇನೆಗೆ ವಿಮಾನ ಕೊಡಿಸಲು ಹಣ ಕೂಡಿಸಿದ್ದೂ ಉಂಟು. ದಶಕಗಳ ನಂತರ ಸೋತೋ ಝೆನ್ ಸೇರಿದಂತೆ ಕೆಲವು ಪಂಥಗಳು ಬಹಿರಂಗವಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದವು. ಧ್ಯಾನದಿಂದ ಬರುವ ಏಕಾಗ್ರತೆ ಒಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಗುರಿಯಿಡುವವನಿಗೂ ಏಕಾಗ್ರತೆ ಇರುತ್ತದೆ. ಅಂಟು ಒಣಗುವ ತನಕ ಉಸಿರು ಬಿಗಿಹಿಡಿದು ಕೂರುವ ನನಗೂ ಇರುತ್ತದೆ. ಅದನ್ನು ಸಮ್ಮಾ ಸಮಾಧಿ ಅನ್ನುವಂತಿಲ್ಲ. ಅದರ ಜೊತೆ ಸರಿಯಾದ ದೃಷ್ಟಿ, ಸರಿಯಾದ ಸಂಕಲ್ಪ ಕೂಡಬೇಕು.

ಹಾಗಾದರೆ ಗೆರೆ ಎಳೆಯುವುದು ಎಲ್ಲಿ? ನನಗೆ ತೋರುವುದನ್ನು ಎರಡು ಉದಾಹರಣೆಗಳಲ್ಲಿ ಹೇಳುತ್ತೇನೆ.

ಜರ್ಮನಿಯ ಸ್ಟೂಕಾ ಬಾಂಬರ್‌ಗಳಲ್ಲಿ ಕೆಲವಕ್ಕೆ ಚಕ್ರದ ಕಾಲಿನ ಬಳಿ ಒಂದು ಸೈರನ್ ಇರುತ್ತಿತ್ತು. ವಿಮಾನ ನೇರ ಕೆಳಗೆ ಧುಮುಕುವಾಗ ಗಾಳಿಗೆ ಅದು ತಿರುಗಿ ಚೀರುತ್ತಿತ್ತು. ಹಾರುವುದಕ್ಕೆ ಅದರಿಂದ ಉಪಯೋಗವಿರಲಿಲ್ಲ, ವೇಗವೂ ಕಡಿಮೆಯಾಗುತ್ತಿತ್ತು. ಕೆಳಗಿದ್ದವರನ್ನು ಹೆದರಿಸುವುದೇ ಅದರ ಕೆಲಸ. ಮಾದರಿಗೂ ಆ ಸದ್ದು ಕೂಡಿಸುವವರಿದ್ದಾರೆ. ನಾನು ಕೂಡಿಸುವುದಿಲ್ಲ. ಆ ಸದ್ದಿಗೆ ಚಪ್ಪಾಳೆ ತಟ್ಟುವಾಗ ಮನಸ್ಸು ಹೆದರಿಸಿದವನ ಜಾಗದಲ್ಲಿ ಕೂತು ಖುಷಿಪಡುತ್ತದೆ.

ಇನ್ನೊಂದು, ಅನೇಕ ಯುದ್ಧವಿಮಾನಗಳ ಕಾಕ್‌ಪಿಟ್ ಕೆಳಗೆ ಕಾಣುವ ಪುಟ್ಟ ಶಿಲುಬೆ ಅಥವಾ ಬಾವುಟಗಳ ಸಾಲು. ಉರುಳಿಸಿದ ಶತ್ರು ವಿಮಾನ ಒಂದಕ್ಕೆ ಒಂದು ಗುರುತು. ಇವನ್ನು ಬಿಟ್ಟುಬಿಡುವುದೇ ಅಹಿಂಸೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಗುರುತು ಅಳಿಸಿದರೆ ಉಳಿಯುವುದು ಚೆಲುವಾದ ರೆಕ್ಕೆ ಮಾತ್ರ. ಯುದ್ಧ ಬರೀ ಚೆಲುವಾಗಿತ್ತು ಎಂದು ಆ ಮಾದರಿ ಹೇಳಿದಂತಾಗುತ್ತದೆ. ಮೊದಲ ಶೀಲ ಉಳಿಸಲು ಹೋಗಿ ನಾಲ್ಕನೆಯ ಶೀಲ, ಸುಳ್ಳಾಡದಿರುವುದು, ಸಡಿಲವಾಗುತ್ತದೆ. ಅದಕ್ಕೇ ನಾನು ಆ ಗುರುತುಗಳನ್ನು ಬರೆಯುತ್ತೇನೆ. ಸಣ್ಣ ಕುಂಚದಿಂದ ಒಂದೊಂದನ್ನೂ ಬರೆಯುವಾಗ, ಆ ವಿಮಾನದೊಳಗೂ ಒಬ್ಬ ತಾಯಿಯ ಮಗ ಇದ್ದ ಎಂದು ನೆನೆಯುತ್ತೇನೆ. ನೋಡಿದವರು ಇದೇನೆಂದು ಕೇಳಿದರೆ ಅಲಂಕಾರ ಅನ್ನುವುದಿಲ್ಲ, ಇದ್ದದ್ದನ್ನು ಹೇಳುತ್ತೇನೆ.

ಇಷ್ಟಾದ ಮೇಲೂ ಹಿರಿಯರ ಪ್ರಶ್ನೆ ತೀರಿತು ಎಂದು ನಾನು ಹೇಳಲಾರೆ. ಯಾವ ದಿನ ಕುಂಚ ಹಿಡಿದಾಗ ಆ ನೆನಪು ಬರದೆ ಎಣಿಕೆ ಮಾತ್ರ ಉಳಿಯುತ್ತದೋ, ಅಂದು ಕೆಲಸ ನಿಲ್ಲಿಸಬೇಕೆಂಬುದು ನಾನು ಹಾಕಿಕೊಂಡ ನಿಯಮ.

ವಿಮಾನ ಕಟ್ಟದವರಿಗೂ ಈ ಮಾತು ಸಲ್ಲುತ್ತದೆ. ಗೋಡೆಗೆ ತೂಗುಹಾಕಿದ ಕತ್ತಿ, ಮಕ್ಕಳ ಮೊಬೈಲಿನ ಬಂದೂಕಿನ ಆಟ, ನಾವು ಕೂತು ನೋಡುವ ಯುದ್ಧದ ಸಿನಿಮಾ. ಇವುಗಳಲ್ಲಿ ಮನಸ್ಸಿಗೆ ರುಚಿಸುತ್ತಿರುವುದು ಕೌಶಲವೋ, ಇನ್ನೊಬ್ಬರ ಭಯವೋ? ಇಂದು ಒಂದು ಗಳಿಗೆ ಕೂತು ನೋಡೋಣ.

ಭವತು ಸಬ್ಬ ಮಂಗಲಂ.